ಹೆಸರುಳಿದ ವಾದ್ಯಗಳು

ಹಗರಿಬೊಮ್ಮನಹಳ್ಳಿಯ ನಮ್ಮ ಗೆಳೆಯರೊಬ್ಬರು ತೀರಿಕೊಂಡು ವರ್ಷವಾದ ಮೇಲೆ ಅವರ ಮಗಳು ಒಂದು ಬಿಸ್ಕತ್ತಿನ ಡಬ್ಬಿ ತಂದು ನಮ್ಮ ಮುಂದಿಟ್ಟಳು. ಒಳಗೆ ಮೂರೂವರೆ ಅಂಗುಲದ ನಾಲ್ಕು ಫ್ಲಾಪಿಗಳು. ‘ಅಪ್ಪ ನಾಟಕಕ್ಕೆ ಕಟ್ಟಿದ ಮಟ್ಟುಗಳು ಇದರಲ್ಲಿವೆಯಂತೆ. ಒಂದು ಸಲ ಕೇಳಿಸ್ತೀರಾ?’ ಎಂದಳು. ಕತೆ ಬರೆಯುವವರಿಗೆ ಎಲ್ಲವೂ ಗೊತ್ತಿರುತ್ತದೆಂಬ ಭ್ರಮೆ ನಮ್ಮ ಕಡೆ ಇನ್ನೂ ಇದೆ. ನಾವೂ ಹೂಂ ಎಂದುಬಿಟ್ಟೆವು.

ಸರಕಾರಿ ಕನ್ನಡದಲ್ಲಿ ಅಮಾನತ್ತು ಎಂದರೆ ಕೆಲಸದಿಂದ ಹೊರಗಿಡುವುದು. ನಮ್ಮ ಉರ್ದುವಿನಲ್ಲಿ ಅದು ಒಬ್ಬರು ನಂಬಿ ಒಪ್ಪಿಸಿದ ವಸ್ತು. ಆ ಡಬ್ಬಿಗೆ ಎರಡೂ ಅರ್ಥ ಒಪ್ಪುತ್ತಿತ್ತು.

ಗೆಳೆಯರು ಪೇಟಿ ಮಾಸ್ತರರ ಮಗ. ನಮ್ಮ ಸೀಮೆಯ ನಾಟಕಗಳಲ್ಲಿ ಪೇಟಿ ಎಂದರೆ ಹಾರ್ಮೋನಿಯಂ. ಅದನ್ನು ನುಡಿಸುವವನೇ ನಾಟಕವನ್ನೂ ಕಲಿಸುವವನು. ಇದೇ ಹಾರ್ಮೋನಿಯಮ್ಮನ್ನು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ನಿಷೇಧಿಸಿತ್ತು. ಅದು ಪರದೇಶದ್ದು, ಅದರಲ್ಲಿ ಮೀಂಡ್ ಬರುವುದಿಲ್ಲ, ನಮ್ಮ ಶ್ರುತಿಗಳು ಕೂಡುವುದಿಲ್ಲ ಎಂಬ ಆಕ್ಷೇಪ. 1971ರವರೆಗೆ ಆ ಬಾಗಿಲು ತೆರೆಯಲಿಲ್ಲ. ಆ ಮೂವತ್ತೊಂದು ವರ್ಷ ಹಳ್ಳಿಯ ರಂಗಮಂಚದಲ್ಲಿ ಪೇಟಿ ಮಾತ್ರ ಒಂದು ದಿನವೂ ಸುಮ್ಮನಿರಲಿಲ್ಲ.

ಮಗ ಪೇಟಿಯ ಜೊತೆಗೆ ಕಂಪ್ಯೂಟರನ್ನೂ ಹಿಡಿದರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರೊಂದನ್ನು ತಂದಿದ್ದರು. ಅದರಲ್ಲಿ ವಿಷುವಲ್ ಕಂಪೋಸರ್ ಎಂಬ ಪ್ರೋಗ್ರಾಂ ಇತ್ತು. ಕೆನಡಾದ ಕ್ವಿಬೆಕ್‌ನಲ್ಲಿ ಮಾರ್ಟಿನ್ ಪ್ರೆವೆಲ್ ಎಂಬ ಮಾಜಿ ಸಂಗೀತ ಪ್ರಾಧ್ಯಾಪಕರು ಕಟ್ಟಿದ ಆಡ್‌ಲಿಬ್ ಕಂಪನಿ 1987ರಲ್ಲಿ ತನ್ನ ಸೌಂಡ್ ಕಾರ್ಡಿನೊಂದಿಗೆ ಅದನ್ನು ಕೊಡುತ್ತಿತ್ತು. ಪರದೆಯ ಮೇಲೆ ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರ. ಮೌಸ್ ಹಿಡಿದು ಗೆರೆ ಎಳೆದರೆ ಸ್ವರ ಹುಟ್ಟುತ್ತದೆ. ನುಡಿಸುವುದು ಯಮಾಹಾದ ಒಂದು ಪುಟ್ಟ ಚಿಪ್. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ನಡುಗಿಸಿ ಹೊಸ ನಾದ ತೆಗೆಯುವ ವಿಧಾನ ಅದರದು. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡದ್ದು. ಒಟ್ಟಿಗೆ ಒಂಬತ್ತು ದನಿ, ಅಷ್ಟೇ. ಕಿವಿಗೆ ತಗಡಿನ ತುತ್ತೂರಿಯಂತೆ ಕೇಳಿಸುತ್ತಿತ್ತು. ಆದರೂ ಗೆಳೆಯರು ರಾತ್ರಿಯಿಡೀ ಅದರ ಮುಂದೆ ಕೂರುತ್ತಿದ್ದರು.

ಆ ಕಂಪ್ಯೂಟರ್ ಎಂದೋ ಗುಜರಿಗೆ ಹೋಗಿತ್ತು. ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ನಮ್ಮ ಕೈ ಹಿಡಿದ. ಫ್ಲಾಪಿ ಓದುವ ಸಾಧನ ತರಿಸಿ, ಲ್ಯಾಪ್‌ಟಾಪಿನಲ್ಲಿ ಡಾಸ್‌ಬಾಕ್ಸ್ ಎಂಬುದನ್ನು ಹಾಕಿದ. 2002ರಿಂದ ಸ್ವಯಂಸೇವಕರು ಪುಕ್ಕಟೆಯಾಗಿ ಕೊಡುತ್ತಿರುವ ಎಮ್ಯುಲೇಟರ್ ಅದು. ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷ ಹಾಕಿಕೊಂಡು ಕೂರುತ್ತದೆ. ಯಮಾಹಾ ಚಿಪ್ಪಿನ ಪಾತ್ರವನ್ನೂ ತಾನೇ ವಹಿಸುತ್ತದೆ. ಹಳೆಯ ಪ್ರೋಗ್ರಾಮಿಗೆ ತಾನು ಬೇರೆಯವರ ಮನೆಯಲ್ಲಿದ್ದೇನೆಂದು ಗೊತ್ತೇ ಆಗುವುದಿಲ್ಲ.

ವೇಷ ಎಂದರೆ ಸುಳ್ಳೇ? ನಮ್ಮ ಪಕ್ಕದ ಮರಿಯಮ್ಮನಹಳ್ಳಿಯನ್ನು ನೋಡಿ. ತುಂಗಭದ್ರಾ ಜಲಾಶಯದಲ್ಲಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯ ಜನ ದೇವರನ್ನೂ ತೇರನ್ನೂ ಹೊತ್ತು ಅಲ್ಲಿಗೆ ಬಂದರು. ನೆಲ ಬೇರೆ, ಮನೆಗಳು ಬೇರೆ. ಆ ತೇರು ನಿಜವಾದದ್ದಲ್ಲ ಎಂದು ಯಾರಾದರೂ ಹೇಳಿಯಾರೆ? ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಇಂದು ಮೊಬೈಲಿನಲ್ಲೇ ತಂಬೂರಿ ಮಿಡಿಯುತ್ತದೆ, ಮಕ್ಕಳು ಅದರ ಶ್ರುತಿಗೇ ಹಾಡುತ್ತಾರೆ. ವೇಷ ತಾನು ವೇಷವೆಂದು ಒಪ್ಪಿಕೊಳ್ಳುವವರೆಗೆ ಅದರಲ್ಲಿ ಮೋಸವಿಲ್ಲ ಎಂದೇ ನಮಗೆ ಅನಿಸುತ್ತದೆ.

ಪ್ರೋಗ್ರಾಮಿನ ಒಡೆತನದ ಪ್ರಶ್ನೆಯೂ ಕಾಡಿತು. ಆಡ್‌ಲಿಬ್ 1992ರಲ್ಲಿ ದಿವಾಳಿಯಾಯಿತು. ಅಂಗಡಿ ಮುಚ್ಚಿದ ಮಾತ್ರಕ್ಕೆ ಸರಕು ಬೀದಿಯದಾಗುವುದಿಲ್ಲ. ದಾರಿಯಲ್ಲಿ ಸಿಕ್ಕ ವಸ್ತುವನ್ನು ಒಂದು ವರ್ಷ ಸಾರಿ ಒಡೆಯನನ್ನು ಹುಡುಕಬೇಕೆಂದು ನಮ್ಮ ಫಿಕ್ಹ್ ಹೇಳುತ್ತದೆ. ಆದರೆ ಇದು ಗೆಳೆಯರ ಫ್ಲಾಪಿಯಲ್ಲೇ ಇದ್ದ ಪ್ರತಿ. ಅದನ್ನು ಹಂಚುವುದಿಲ್ಲ, ಮಾರುವುದಿಲ್ಲ ಎಂದುಕೊಂಡು ಮುಂದುವರಿದೆವು. ಅಂದಹಾಗೆ ಸಂಗೀತದ ಬಗ್ಗೆ ನಮ್ಮವರಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಇಲ್ಲಿ ಬೇಡ.

ನಿಜವಾದ ತೊಡಕು ಎದುರಾದದ್ದು ಆಮೇಲೆ. ಫೈಲಿನಲ್ಲಿರುವುದು ಕ್ಯಾಸೆಟ್ಟಿನಂತೆ ಮುದ್ರಿಸಿದ ದನಿಯಲ್ಲ, ಬರೀ ಸೂಚನೆ. ಈ ಸ್ವರ, ಇಷ್ಟು ಹೊತ್ತು, ಇಂಥ ವಾದ್ಯದಲ್ಲಿ. ವಾದ್ಯದ ನಾದ ಹೇಗಿರಬೇಕೆಂಬುದು ‘ಬ್ಯಾಂಕ್’ ಎಂಬ ಬೇರೆ ಫೈಲಿನಲ್ಲಿರುತ್ತದೆ. ಗೆಳೆಯರು ಕಂಪನಿಯವರು ಕೊಟ್ಟ ವಾದ್ಯಗಳಿಂದ ತೃಪ್ತರಾಗದೆ ತಾವೇ ಕೆಲವನ್ನು ರೂಪಿಸಿಕೊಂಡಿದ್ದರು. ಆ ಬ್ಯಾಂಕ್ ಇದ್ದ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಮಟ್ಟುಗಳಲ್ಲಿ ವಾದ್ಯಗಳ ಹೆಸರು ಮಾತ್ರ ಉಳಿದಿದ್ದವು: ಶಹನಾಯಿ, ಪೇಟಿ2. ಹೆಸರಿದೆ, ನಾದವಿಲ್ಲ.

ಹುಡುಗ ಉತ್ಸಾಹಿ. ನಮ್ಮನ್ನು ಕೇಳದೆಯೇ ಸ್ವರಗಳನ್ನು ಇಂದಿನ ಪ್ರೋಗ್ರಾಮಿಗೆ ಹಾಕಿ, ನಿಜವಾದ ಶಹನಾಯಿಯಂತೆಯೇ ಕೇಳುವ ದನಿ ಕೂಡಿಸಿ, ಹಿಂದೆ ತಬಲಾ ಸೇರಿಸಿ, ಗೆಳೆಯರ ಮಗಳಿಗೆ ಕಳಿಸಿಯೂ ಬಿಟ್ಟ. ಅವಳು ಫೋನು ಮಾಡಿ ಅತ್ತಳು. ‘ಅಪ್ಪ ಇಷ್ಟು ಚೆನ್ನಾಗಿ ಮಾಡಿದ್ರಾ?’ ಎಂದಳು.

ನಾವು ಏನು ಹೇಳಬೇಕಿತ್ತು? ಹೌದು ಎಂದರೆ ಯಾರಿಗೂ ನಷ್ಟವಿರಲಿಲ್ಲ. ಸ್ವರಗಳು ಅವರವೇ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂದು ನಮಗೆ ಕಲಿಸಿದ್ದಾರೆ. ಆ ರಾತ್ರಿ ನಿದ್ದೆ ಬರಲಿಲ್ಲ. ಹೋಲಿಕೆ ದೊಡ್ಡದಾಯಿತು, ಕ್ಷಮಿಸಬೇಕು, ಆದರೆ ನೆನಪಾದದ್ದು ಹದೀಸ್ ಶಾಸ್ತ್ರದ ‘ಮುದ್‌ರಜ್’ ಎಂಬ ಮಾತು. ವರದಿ ಮಾಡುವವನ ಸ್ವಂತ ಮಾತು ಮೂಲದೊಳಗೆ ಸೇರಿಹೋದರೆ ಅದು ಮುದ್‌ರಜ್. ಸೇರಿಸಿದ ಮಾತು ಒಳ್ಳೆಯದೇ ಇರಬಹುದು, ವಿವರಣೆಗೆಂದೇ ಹೇಳಿದ್ದಿರಬಹುದು. ಆದರೂ ಯಾವುದು ಮೂಲದ್ದು, ಯಾವುದು ವರದಿಗಾರನದ್ದು ಎಂದು ಬಿಡಿಸಿ ತೋರಿಸಲು ವಿದ್ವಾಂಸರು ಜೀವ ತೇದರು. ಹನ್ನೊಂದನೇ ಶತಮಾನದ ಖತೀಬ್ ಅಲ್ ಬಗ್ದಾದಿ ಈ ಒಂದು ವಿಷಯಕ್ಕೇ ಗ್ರಂಥ ಬರೆದರು. ನೆನಪು ಖಚಿತವಿಲ್ಲದ ವರದಿಗಾರ ‘ಅಥವಾ ಅವರು ಹೇಳಿದಂತೆ’ ಎಂದು ಕೊನೆಗೆ ಸೇರಿಸುತ್ತಿದ್ದನಂತೆ. ಎಂಥ ಪ್ರಾಮಾಣಿಕ ಸಂಕೋಚ!

ಸುಂದರಗೊಳಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಪೇಟಿ ಮಾಸ್ತರರು ಕೂಡ ಹಳೆಯ ಮಟ್ಟಿಗೆ ತಮ್ಮ ಬೆರಳಿನ ಕಸುಬು ಸೇರಿಸಿಯೇ ನುಡಿಸುತ್ತಿದ್ದರು. ಆದರೆ ಅವರು ಎದುರಿಗೇ ಕೂತಿರುತ್ತಿದ್ದರು. ಬೆರಳು ಯಾರದೆಂದು ಸಭೆಗೆಲ್ಲ ಗೊತ್ತಿತ್ತು. ಇಲ್ಲಿ ಹುಡುಗನ ಬೆರಳು ಗೆಳೆಯರ ಹೆಸರಿನ ಹಿಂದೆ ಅಡಗಿ ಕೂತಿತ್ತು. ಆ ತಗಡು ದನಿಯೊಡನೆ ರಾತ್ರಿಗಟ್ಟಲೆ ಗುದ್ದಾಡಿದ ಮನುಷ್ಯನೇ ಅಲ್ಲಿ ಇಲ್ಲವಾಗಿದ್ದ.

ಮರುದಿನ ಲ್ಯಾಪ್‌ಟಾಪ್ ಹಿಡಿದು ಅವಳ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆವು. ಅವಳ ಮುಖ ಸಪ್ಪಗಾಯಿತು. ಹೇಳದಿದ್ದರೇ ಚೆನ್ನಾಗಿತ್ತೇನೋ ಎಂದು ಒಂದು ಕ್ಷಣ ಅನಿಸಿತು. ಆಮೇಲೆ ಡಾಸ್‌ಬಾಕ್ಸ್ ತೆರೆದು, ಹೆಸರು ಮಾತ್ರ ಉಳಿದ ವಾದ್ಯಗಳ ಸಾಲನ್ನು ಮೌನವಾಗಿಯೇ ಬಿಟ್ಟು, ಉಳಿದದ್ದನ್ನು ಕೇಳಿಸಿದೆವು. ನಡುನಡುವೆ ಖಾಲಿ ಜಾಗಗಳು. ಮೂರನೆಯ ಮಟ್ಟಿನ ಖಾಲಿಯಲ್ಲಿ ಅವಳು ತಾನಾಗಿಯೇ ಗುನುಗಿದಳು. ‘ಇಲ್ಲಿ ಮೂಗಿನಲ್ಲಿ ಅತ್ತ ಹಾಗೆ ಒಂದು ದನಿ ಬರ್ತಿತ್ತು, ಸಣ್ಣವಳಿದ್ದಾಗ ಅದಕ್ಕೆ ನಗ್ತಿದ್ದೆ’ ಎಂದಳು.

ಹುಡುಗ ಅದನ್ನು ಕೇಳಿಕೊಂಡು ಈಗ ಅದೇ ಹಳೆಯ ಚಿಪ್ಪಿನ ವೇಷದೊಳಗೆ ಆ ಶಹನಾಯಿಯನ್ನು ಹುಡುಕುತ್ತಿದ್ದಾನೆ. ಸಿಕ್ಕರೆ ಬೇರೆ ಹೆಸರಿನಲ್ಲಿ ಉಳಿಸಬೇಕೆಂದು ಮಾತಾಗಿದೆ. ಪೇಟಿ2 ಹೇಗಿತ್ತೆಂದು ಅವಳಿಗೂ ನೆನಪಿಲ್ಲ. ಪೇಟಿ1 ಎಂಬುದು ನಾಲ್ಕು ಫ್ಲಾಪಿಗಳಲ್ಲಿ ಓದಲಾದ ಯಾವ ಫೈಲಿನಲ್ಲೂ ಸಿಗಲಿಲ್ಲ.