ಆಟವೂ ಮಂಗಳವೂ

ನೂರು ಮಂದಿ ಒಂದು ದ್ವೀಪಕ್ಕಿಳಿದು, ತಮ್ಮೊಳಗೆ ಕಾದಾಡಿ, ಕಡೆಗೆ ಉಳಿದವರು ಗೆಲ್ಲುವ ‘ಪಬ್‌ಜಿ’ ಎಂಬ ಮೊಬೈಲ್ ಆಟವನ್ನು 2020ರಲ್ಲಿ ಕೇಂದ್ರ ಸರಕಾರವು ನಿಷೇಧಿಸಿತು. 2021ರಲ್ಲಿ ಅದು ಹೊಸ ಹೆಸರಿನಿಂದ ಬಂದಿತು. 2022ರಲ್ಲಿ ಪುನಃ ತಡೆಗೊಳಗಾಗಿ 2023ರಲ್ಲಿ ಮತ್ತೆ ಕಾಣಿಸಿಕೊಂಡಿತು. ಆದುದರಿಂದ ಅದು ಆಡತಕ್ಕುದೋ ಅಲ್ಲವೋ ಎಂಬ ನಿರ್ಣಯವನ್ನು ನಾವು ಮನೆಯಲ್ಲಿಯೇ ಮಾಡಿಕೊಳ್ಳಬೇಕಾಗಿದೆ.

ಕಾದಾಟವಿದೆಯೆಂಬ ಮಾತ್ರಕ್ಕೆ ಅದನ್ನು ತೆಗಳಲಾರೆನು; ನಮ್ಮ ಯಕ್ಷಗಾನದಲ್ಲಿಯೂ ಕಾಳಗವುಂಟು. ತೊಡಕಿರುವುದು ಬೇರೆಡೆಯಲ್ಲಿ. ನಾಲ್ವರು ಕೂಡಿ ಆಡುವಾಗ ಒಂದು ಆಟವು ಸುಮಾರು ಅರ್ಧ ತಾಸು ನಡೆಯುತ್ತದೆ, ನಡುವೆ ನಿಲ್ಲಿಸುವಂತಿಲ್ಲ. ತಾಯಿ ಊಟಕ್ಕೆ ಕರೆದಾಗ ಎದ್ದರೆ ಸಂಗಡಿಗರನ್ನು ಕೈಬಿಟ್ಟಂತೆ. ಏಳದಿದ್ದರೆ ತಾಯಿಯ ಮಾತನ್ನು ಮೀರಿದಂತೆ. ಇಂಥಲ್ಲಿ ಹಿರಿಯರು ಅರ್ಧ ತಾಸು ಕಾಯುವುದೇ ನ್ಯಾಯವೆಂದು ನನ್ನ ಮತ. ಜತೆಗಾರರಿಗೆ ಕೊಟ್ಟ ಮಾತನ್ನು ನಡೆಸುವುದೂ ಒಂದು ಸದ್ಗುಣವಷ್ಟೆ.

ಆದರೆ ಆ ಒಂದು ಆಟ ಮುಗಿದ ಮೇಲೆ? ಜೂಜಿಗೆ ಕರೆದರೆ ಒಲ್ಲೆನೆನ್ನಲಾಗದೆಂಬುದನ್ನೇ ವ್ರತವಾಗಿ ಹಿಡಿದ ಧರ್ಮರಾಯನು, ಒಮ್ಮೆ ಸರ್ವಸ್ವವನ್ನೂ ಸೋತು ಬಿಡುಗಡೆ ಹೊಂದಿದವನು, ಎರಡನೆಯ ಕರೆಗೂ ಹಿಂದಿರುಗಿ ಬಂದು ಕುಳಿತನು. ನಮ್ಮ ಸೀಮೆಯಲ್ಲಿ ಯಕ್ಷಗಾನಕ್ಕೂ ಆಟವೆಂದೇ ಹೆಸರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟವನ್ನು ರಾತ್ರಿಯಿಡೀ ನೋಡಿದವರು ಮಂಗಳವಾದೊಡನೆ ಎದ್ದು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಮೊಬೈಲಿನ ಆಟಕ್ಕೆ ಮಂಗಳವಿಲ್ಲ. ಒಂದು ಮುಗಿದೊಡನೆ ಮತ್ತೊಂದು ಕರೆಯುತ್ತದೆ. ಮಂಗಳವನ್ನು ಆಡುವವನೇ ಹಾಡಿಕೊಳ್ಳಬೇಕು.

ಎಷ್ಟು ಆಟವೆಂಬುದನ್ನು ಮೊದಲೇ ನುಡಿದು, ಸೋತ ದಿನವೂ ಆ ನುಡಿಯಂತೆ ಏಳಬಲ್ಲ ಹುಡುಗನು ಸುಖವಾಗಿ ಆಡಲಿ. ಏಳಲಾರದವನು, ಏಳಬಲ್ಲವನಾಗುವವರೆಗೆ, ಆಡದಿರುವುದೇ ಲೇಸು.