ಯಾರ ತಟ್ಟೆಯಿಂದ ಉಳಿಸಿದ್ದು?

ಮಾಸ್ಟರ್ಸ್ ಓದೋಕೆ ಅಂತ ಮೆಲ್ಬರ್ನ್‌ಗೆ ಬಂದ ಮೊದಲ ವರ್ಷ ನನ್ನ ದಿನಸಿ ಖರ್ಚು ವಾರಕ್ಕೆ 40 ಡಾಲರ್. ಒಂದು ಸಲ, ಆರು ವಾರಗಳ ಕಾಲ, ಅದರಲ್ಲೂ 7 ಡಾಲರ್ ಕಡಿಮೆ ಮಾಡಿದ್ದೆ. ತುಪ್ಪ ನಿಲ್ಲಿಸಿದೆ. ಮೊಸರು ನಿಲ್ಲಿಸಿದೆ. ಕರಿಬೇವಂತೂ ಇಲ್ಲಿ ನಾಲ್ಕು ಎಳೆಗೆ ಡಾಲರ್‌ಗಟ್ಟಲೆ ಬೆಲೆ, ಹಾಗಾಗಿ ಒಗ್ಗರಣೆಗೆ ಸಾಸಿವೆ ಒಂದೇ. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ಮುಚ್ಚೋ ಹೊತ್ತಿಗೆ ಹೋದರೆ ಉಳಿದ ತರಕಾರಿಯನ್ನು ಅಗ್ಗಕ್ಕೆ ಕೊಡ್ತಾರೆ. ಭಾನುವಾರ ಮಧ್ಯಾಹ್ನ ಚೀಲ ಹಿಡ್ಕೊಂಡು ಅಲ್ಲಿ ಕಾಯ್ತಿದ್ದೆ.

ಇಷ್ಟೆಲ್ಲ ಮಾಡಿದ್ದು ಒಂದು ಚಿತ್ರಪುಸ್ತಕಕ್ಕೆ. ಶಾನ್ ಟಾನ್ ಅವರ ‘ದಿ ಅರೈವಲ್’.

ನೀವು ನೋಡಿಲ್ಲದಿದ್ದರೆ ಒಂದೆರಡು ಮಾತು. ಶಾನ್ ಟಾನ್ ಹುಟ್ಟಿದ್ದು 1974ರಲ್ಲಿ, ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿ. ಅವರ ತಂದೆ ಮಲೇಷ್ಯಾದಿಂದ ವಲಸೆ ಬಂದವರು. 2006ರಲ್ಲಿ ಬಂದ ಈ ಪುಸ್ತಕದಲ್ಲಿ ಓದೋಕೆ ಒಂದು ಪದವೂ ಇಲ್ಲ. ಒಬ್ಬ ಮನುಷ್ಯ ಹೆಂಡತಿ, ಮಗಳನ್ನು ಬಿಟ್ಟು, ಒಂದು ಸೂಟ್‌ಕೇಸ್ ಹಿಡ್ಕೊಂಡು, ಗೊತ್ತಿಲ್ಲದ ಊರಿಗೆ ಬರ್ತಾನೆ. ಆ ಊರಿನ ಬೋರ್ಡುಗಳಲ್ಲಿರೋ ಲಿಪಿಯನ್ನು ಕಲಾವಿದರೇ ಕಲ್ಪಿಸಿ ಬರೆದದ್ದು. ಅದು ಅವನಿಗೂ ಅರ್ಥವಾಗಲ್ಲ, ನಮಗೂ ಅರ್ಥವಾಗಲ್ಲ. ಬಂದ ಮೊದಲ ದಿನ ಟ್ರ್ಯಾಮ್ ಸ್ಟಾಪಿನಲ್ಲಿ ಪೆಚ್ಚಾಗಿ ನಿಂತಿದ್ದ ನನ್ನನ್ನೇ ಯಾರೋ ಪೆನ್ಸಿಲ್‌ನಲ್ಲಿ ಬರೆದ ಹಾಗಿತ್ತು.

ಲೈಬ್ರರಿಯಲ್ಲಿ ಈ ಪುಸ್ತಕ ಬಿಟ್ಟಿ ಸಿಗ್ತಿತ್ತು. ಮೊದಲು ಓದಿದ್ದೂ ಅಲ್ಲೇ. ಮತ್ತೆ ಯಾಕೆ ಕೊಂಡೆ? ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ಮಾಡಿದೀನಿ ಅನ್ನೋ ಅನುಮಾನ ಮಾತ್ರ ಇತ್ತು. ಊರಲ್ಲಿ ಅಪ್ಪ ನನ್ನ ಫೀಸಿಗೆ ಅಂತ ಸಾಲ ಮಾಡಿದ್ದರು. ಅಂಥವನು ಮೊಸರು ಬಿಟ್ಟು ಚಿತ್ರ ಕೊಳ್ಳೋದು ಶೋಕಿ ಅಲ್ಲವಾ?

ಕೊನೆಗೆ ಒಂದು ಭಾನುವಾರ ಫೋನಿನಲ್ಲಿ ಅಮ್ಮನಿಗೆ ಹೇಳಿಬಿಟ್ಟೆ. ಬೈತಾಳೆ ಅಂದ್ಕೊಂಡಿದ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ನಿನ್ ಹೊಟ್ಟೆಗೇ ತಾನೆ ಕಮ್ಮಿ ಮಾಡ್ಕೊಂಡಿದ್ದು? ಇನ್ನೊಬ್ರ ಹೊಟ್ಟೆಗಲ್ವಲ್ಲ. ಹೋಗ್ಲಿ ಬಿಡು. ಆದ್ರೆ ಮೊಸರು ಮಾತ್ರ ಬಿಡ್ಬೇಡ ಕಣೋ.”

ಆಮೇಲೆ ಅವಳ ಸಾಸಿವೆ ಡಬ್ಬಿಯ ಕಥೆ ಹೊರಗೆ ಬಂತು. ನಾನು ಚಿಕ್ಕವನಿದ್ದಾಗ ತಿಪಟೂರಿನ ನಮ್ಮ ಮನೆಗೆ ಪ್ರತಿ ತಿಂಗಳು ‘ಚಂದಮಾಮ’ ಬರ್ತಿತ್ತು. ಹೆಣವನ್ನು ಹೆಗಲ ಮೇಲೆ ಹೊತ್ತು, ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ನೋಡಿಕೊಂಡೇ ನಾನು ಕನ್ನಡ ಓದಲು ಕಲಿತದ್ದು. ಆ ದುಡ್ಡು ಎಲ್ಲಿಂದ ಬರ್ತಿತ್ತು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಅಮ್ಮ ಮಧ್ಯಾಹ್ನದ ಕಾಫಿ ಬಿಟ್ಟಿದ್ದಳಂತೆ. ಅಪ್ಪನ ಕಾಫಿಯನ್ನಲ್ಲ, ನಮ್ಮ ಹಾಲನ್ನೂ ಅಲ್ಲ. ಅವಳದನ್ನು ಮಾತ್ರ.

ಅಂದರೆ ಉಳಿತಾಯ ಒಳ್ಳೆಯದೋ ಶೋಕಿಯೋ ಅನ್ನೋದು ಎರಡನೇ ಪ್ರಶ್ನೆ. ಯಾರ ತಟ್ಟೆಯಿಂದ ಉಳಿಸಿದ್ದು ಅನ್ನೋದು ಮೊದಲನೇದು. ಈ ಮಾತು ಆವತ್ತೇ ಅರ್ಥವಾಯ್ತು ಅಂದ್ಕೊಂಡಿದ್ದೆ. ಆಗಿರಲಿಲ್ಲ.

ಈಗ ನನಗೆ ಕೆಲಸ ಇದೆ, ಸಂಬಳ ಇದೆ, ಫ್ರಿಜ್ಜಿನಲ್ಲಿ ಎರಡು ಡಬ್ಬ ಮೊಸರಿದೆ. ಎರಡು ವರ್ಷದ ಹಿಂದೆ ನಾವು ಕನ್ನಡದ ಗೆಳೆಯರೆಲ್ಲ ಸೇರಿ ಯುಗಾದಿ ಊಟ ಇಟ್ಟುಕೊಂಡಾಗ ಆಹ್ವಾನ ಪತ್ರಿಕೆ ಮಾಡೋ ಜವಾಬ್ದಾರಿ ನನ್ನ ಮೇಲೆ ಬಿತ್ತು. ಚಿತ್ರ ತಯಾರಿಸೋ ಒಂದು ಎಐ ಟೂಲ್ ತೆರೆದು, ಬೇವು, ಬೆಲ್ಲ, ಟ್ರ್ಯಾಮ್ ಅಂತ ಟೈಪ್ ಮಾಡಿ, ಕೊನೆಗೆ ಶಾನ್ ಟಾನ್ ಶೈಲಿಯಲ್ಲಿ ಅಂತ ಸೇರಿಸಿದೆ. ಅರ್ಧ ನಿಮಿಷ. ಖರ್ಚು ಸೊನ್ನೆ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಹೊಗಳಿದರು, ನಾನೂ ಥ್ಯಾಂಕ್ಸ್ ಹೇಳಿದೆ.

ರಾತ್ರಿ ಕಪಾಟಿನಲ್ಲಿದ್ದ ಆ ಪುಸ್ತಕ ಕಣ್ಣಿಗೆ ಬಿತ್ತು. ಕೈ ಖಾಲಿಯಿದ್ದಾಗ ಈ ಮನುಷ್ಯನಿಗೆ ದುಡ್ಡು ಕೊಟ್ಟಿದ್ದೆ. ಕೈ ತುಂಬ ಸಂಬಳ ಬರುವಾಗ ಅವರ ಹೆಸರನ್ನೇ ಬಿಟ್ಟಿಯಾಗಿ ಬಳಸಿಕೊಂಡಿದ್ದೆ.

ನನ್ನ ವೃತ್ತಿಯೇ ಡೇಟಾ. ಇಂಥ ಮಾಡೆಲ್‌ಗಳು ಹೇಗೆ ಕಲಿಯುತ್ತವೆ ಅಂತ ನನಗೆ ಗೊತ್ತಿಲ್ಲ ಅನ್ನೋ ಹಾಗಿಲ್ಲ. 2022ರಲ್ಲಿ ಹೊರಬಂದ ಲಯಾನ್-5ಬಿ ಅನ್ನೋ ಒಂದು ಡೇಟಾಸೆಟ್‌ನಲ್ಲೇ ಇಂಟರ್ನೆಟ್ಟಿನಿಂದ ಸಂಗ್ರಹಿಸಿದ 585 ಕೋಟಿ ಚಿತ್ರಗಳ ವಿಳಾಸ, ವಿವರಣೆ ಇದ್ದವು. ಅವುಗಳನ್ನು ಬರೆದವರನ್ನು, ತೆಗೆದವರನ್ನು ಒಬ್ಬೊಬ್ಬರಾಗಿ ಯಾರೂ ಕೇಳಿಲ್ಲ.

ನನ್ನೊಳಗಿನ ವಕೀಲ ತಕ್ಷಣ ಎದ್ದು ನಿಂತ. ಕಲಾವಿದರೂ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯಲ್ಲವೇ? ನಿಜ. ‘ದಿ ಅರೈವಲ್’ನಲ್ಲಿ ಹಡಗಿನ ಡೆಕ್ ಮೇಲೆ ವಲಸಿಗರು ಕೂತಿರುವ ಚಿತ್ರಕ್ಕೆ ಟಾಮ್ ರಾಬರ್ಟ್ಸ್ 1886ರಲ್ಲಿ ಬರೆದ ‘ಕಮಿಂಗ್ ಸೌತ್’ ಪೇಂಟಿಂಗ್ ಪ್ರೇರಣೆ. ಅದು ನಮ್ಮ ಮೆಲ್ಬರ್ನ್‌ನ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲೇ ಇದೆ. ಆದರೆ ಶಾನ್ ಟಾನ್ ಆ ಋಣವನ್ನು ಪುಸ್ತಕದಲ್ಲೇ ಹೆಸರು ಹೇಳಿ ಒಪ್ಪಿಕೊಂಡಿದ್ದಾರೆ. ಜೊತೆಗೆ ಪುಸ್ತಕಕ್ಕೆ ತಮ್ಮ ಬದುಕಿನ ನಾಲ್ಕಕ್ಕೂ ಹೆಚ್ಚು ವರ್ಷ ಕೊಟ್ಟಿದ್ದಾರೆ. ಅವರೂ ತಮ್ಮ ತಟ್ಟೆಯಿಂದ ಏನೋ ತೆಗೆದಿಟ್ಟರು. ನಾನು ತೆಗೆದಿಟ್ಟದ್ದು ಏನು? ಅರ್ಧ ನಿಮಿಷ.

ವಕೀಲ ಇನ್ನೊಂದು ವಾದ ಹೂಡಿದ. ಶಾನ್ ಟಾನ್‌ಗೆ 2011ರಲ್ಲೇ ಆಸ್ಕರ್ ಬಂದಿದೆ, ನಿನ್ನ ನಲವತ್ತು ಡಾಲರ್ ಇಲ್ಲದಿದ್ದರೆ ಅವರೇನು ಉಪವಾಸ ಬೀಳ್ತಾರಾ? ಇಲ್ಲ. ಇದಕ್ಕೆ ನಾನು ತುಂಬ ದಿನ ಯೋಚಿಸಿದೆ. ನನ್ನ ಉಳಿತಾಯ ನಿಜವಾಗಿ ಯಾರ ತಟ್ಟೆಯಿಂದ ಹೋಯ್ತು? ಆ ಆಹ್ವಾನ ಪತ್ರಿಕೆಯನ್ನು ನೂರೈವತ್ತು ಡಾಲರ್‌ಗೆ ಬರೆದುಕೊಡಬಹುದಾಗಿದ್ದ, ಇನ್ನೂ ಹೆಸರು ಮಾಡದ ಯಾರೋ ಒಬ್ಬರ ತಟ್ಟೆಯಿಂದ. ಅವರು ಯಾರು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ನಿದ್ದೆ ಚೆನ್ನಾಗಿ ಬಂದಿತ್ತು.

ಹೆಸರು ಗೊತ್ತಿಲ್ಲದಿರೋದು ನನಗೆ ಹೊಸದೂ ಅಲ್ಲ. ಆ ವಿಕ್ರಮ-ಬೇತಾಳರ ಚಿತ್ರ ಬರೆದವರು ಕೆ.ಸಿ. ಶಿವಶಂಕರನ್, ಎಲ್ಲರೂ ಕರೀತಿದ್ದದ್ದು ಶಂಕರ್ ಅಂತ. ಆ ಹೆಸರು ನನಗೆ ತಿಳಿದದ್ದು 2020ರಲ್ಲಿ, ಅವರು ತೀರಿಕೊಂಡ ಸುದ್ದಿ ಓದಿದಾಗ. ಬಾಲ್ಯವಿಡೀ ಅವರ ಚಿತ್ರ ಪ್ರೀತಿಸಿದ್ದೆ, ಒಂದು ದಿನವೂ ಇದನ್ನು ಬರೆದವರು ಯಾರು ಅಂತ ಕೇಳಿರಲಿಲ್ಲ. ಆದರೂ ಅಮ್ಮನ ಕಾಫಿಯ ದುಡ್ಡಿನಲ್ಲಿ ಒಂದು ಚೂರು ಅವರ ಸಂಬಳಕ್ಕೂ ಸೇರಿರಬೇಕು. ಆ ಲೆಕ್ಕ ನನ್ನ ಲೆಕ್ಕಕ್ಕಿಂತ ಸ್ವಚ್ಛ.

ಎಐ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ದಿನಾ ಅದರಿಂದಲೇ ಅನ್ನ ತಿನ್ನೋನು. ಬಿಟ್ಟಿ ಅಂತ ಕಂಡಿದ್ದನ್ನು ಕೈಗೆತ್ತಿಕೊಳ್ಳುವಾಗ ಅಮ್ಮನ ಪ್ರಶ್ನೆಯನ್ನು ಒಂದು ಸಲ ಕೇಳಿಕೊಳ್ಳೋಣ ಅಂತಿದೀನಿ, ಅಷ್ಟೆ. ಉತ್ತರ ಪ್ರತಿಸಲವೂ ಸುಲಭವಾಗಿ ಸಿಗಲ್ಲ. ಅಗ್ಗದ ಟೊಮೇಟೊ ಕೊಂಡಾಗಲೂ ಅದನ್ನು ಬೆಳೆದವನ ಕೈಗೆ ಎಷ್ಟು ಸೇರಿತು ಅಂತ ನನಗೆ ಗೊತ್ತಾಗಲ್ಲ. ಆದರೆ ಎಲ್ಲಿ ಗೊತ್ತಾಗುತ್ತೋ ಅಲ್ಲಾದರೂ ಕಣ್ಣು ಮುಚ್ಚಿಕೊಳ್ಳಬಾರದು.

ಮರುವರ್ಷದ ಯುಗಾದಿಗೆ ಗೆಳೆಯರೊಬ್ಬರ ಮಗಳನ್ನು ಕೇಳಿದೆ. ಇಲ್ಲೇ ಹುಟ್ಟಿ ಬೆಳೆದವಳು, ಚಿತ್ರಕಲೆ ಓದ್ತಿದಾಳೆ. “ಅಂಕಲ್, ದುಡ್ಡು ಬೇಡ” ಅಂದಳು. ಬಲವಂತವಾಗಿ ನೂರೈವತ್ತು ಡಾಲರ್ ಕೊಟ್ಟೆ. ನಾನೂ ಹೆಂಡತಿಯೂ ಆ ತಿಂಗಳು ಶನಿವಾರಗಳ ಹೋಟೆಲ್ ದೋಸೆ ಬಿಟ್ಟು ಮನೆಯಲ್ಲೇ ಹುಯ್ದುಕೊಂಡೆವು. ಸಂಬಳದಿಂದಲೇ ಕೊಡಬಹುದಿತ್ತು, ನಿಜ. ಆದರೆ ನಮ್ಮ ತಟ್ಟೆಯಿಂದ ಕೊಟ್ಟಿದ್ದು ಅಂತ ನಮಗೆ ಗೊತ್ತಾಗಬೇಕಿತ್ತು.

ಆ ಆಹ್ವಾನ ಪತ್ರಿಕೆ ಈಗಲೂ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ, ಕೆಳಗಡೆ ಮೂಲೆಯಲ್ಲಿ ಅವಳ ಹೆಸರಿದೆ. ಬೇವಿನಮರವನ್ನು ಅವಳು ಹತ್ತಿರದಿಂದ ನೋಡಿಲ್ಲ. ಹಾಗಾಗಿ ಬೇವಿನ ಎಲೆಗಳು ಅವಳಮ್ಮ ಕುಂಡದಲ್ಲಿ ಬೆಳೆಸಿರೋ ಕರಿಬೇವಿನ ಹಾಗೇ ಕಾಣ್ತವೆ. ತಿದ್ದು ಅಂತ ನಾನು ಹೇಳಲಿಲ್ಲ.