ತುಂಬಿದ ಕೆರೆ, ತುಂಬಿಸಿದ ಕೆರೆ

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಕೆರೆಯ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ‘ಕೆರೆ ತುಂಬಿತು’ ಎನ್ನುವುದು ಹಳೆಯ ಮಾತು, ‘ಕೆರೆ ತುಂಬಿಸಿದರು’ ಎನ್ನುವುದು ಈಚಿನದು. ಮೊದಲನೆಯ ವಾಕ್ಯದ ಕರ್ತೃ ಕೆರೆ. ಎರಡನೆಯದರ ಕರ್ತೃ ಸರ್ಕಾರ, ಪಂಪು, ಕರೆಂಟು. ವ್ಯಾಕರಣದ ಈ ಸಣ್ಣ ವ್ಯತ್ಯಾಸ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಮನುಷ್ಯ ಕೆಡಿಸಿದ ನೀರು ಚೇತರಿಸಿಕೊಂಡಿತು ಎಂದು ಹೇಳುವ ಹಕ್ಕು ಮನುಷ್ಯನಿಗೆ ಯಾವಾಗ ಬರುತ್ತದೆ?

ಈ ಪ್ರಶ್ನೆಯನ್ನು ದಶಕಗಟ್ಟಲೆ ಎದುರಿಸಿದವರು ಸ್ವೀಡನ್, ನಾರ್ವೆಯ ಜನ. ಕಲ್ಲಿದ್ದಲು ಉರಿದಾಗ ಏಳುವ ಗಂಧಕದ ಹೊಗೆ ಮೋಡದ ನೀರಿನೊಡನೆ ಕೂಡಿ ಆಮ್ಲವಾಗಿ ಇಳಿಯುತ್ತದೆ. ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನ ವಿಜ್ಞಾನಿ 1872ರ ತನ್ನ ಪುಸ್ತಕದಲ್ಲಿ ‘ಆಮ್ಲ ಮಳೆ’ ಎಂಬ ಹೆಸರನ್ನು ಬಳಸಿದ್ದ. ಆದರೆ ಬ್ರಿಟನ್ನಿನಂಥ ದೇಶಗಳ ಹೊಗೆ ಗಾಳಿಯಲ್ಲಿ ಸಾಗಿ ಬಂದು ಸ್ಕ್ಯಾಂಡಿನೇವಿಯಾದ ಕೆರೆಗಳನ್ನು ಕೊಲ್ಲುತ್ತಿದೆ ಎಂಬುದು ಸಾರ್ವಜನಿಕ ಚರ್ಚೆಯಾದದ್ದು 1967ರಲ್ಲಿ, ಸ್ವೀಡನ್ನಿನ ಸ್ವಾಂತೆ ಓಡೆನ್ ಪತ್ರಿಕೆಯೊಂದರಲ್ಲಿ ಬರೆದ ಮೇಲೆ. ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6. ಕೆರೆಯ ನೀರಿನ ಪಿಎಚ್ 5ಕ್ಕಿಂತ ಕೆಳಗಿಳಿದರೆ ಬಹಳಷ್ಟು ಜಾತಿಯ ಮೀನುಗಳ ಮೊಟ್ಟೆ ಒಡೆಯುವುದಿಲ್ಲ. ಆಮ್ಲವು ಮಣ್ಣಿನೊಳಗಿನ ಅಲ್ಯುಮಿನಿಯಮ್ಮನ್ನು ಕರಗಿಸಿ ನೀರಿಗೆ ತರುತ್ತದೆ, ಅದು ಮೀನಿನ ಕಿವಿರುಗಳನ್ನು ಕೆಡಿಸುತ್ತದೆ. ಹೀಗೆ ಸತ್ತ ಎಷ್ಟೋ ಕೆರೆಗಳು ನೋಡಲು ತಿಳಿಯಾಗಿ, ತಳ ಕಾಣುವಷ್ಟು ಸುಂದರವಾಗಿದ್ದವು.

ಮದ್ದು ಎರಡಿದ್ದವು. ಒಂದು, ಕೆರೆಗೆ ಸುಣ್ಣದ ಕಲ್ಲಿನ ಪುಡಿ ಸುರಿಯುವುದು. 1970ರ ದಶಕದಿಂದ ಸ್ವೀಡನ್ ಸಾವಿರಾರು ಕೆರೆಗಳಿಗೆ ಹೀಗೆ ಸುಣ್ಣ ಹಾಕಿತು. ಮೀನು ಉಳಿದವು. ಆದರೆ ಸುಣ್ಣ ತೀರಿದ ಹಾಗೆಲ್ಲ ಮತ್ತೆ ಹಾಕಬೇಕು. ಇನ್ನೊಂದು ಮದ್ದು ಹೊಗೆಯನ್ನೇ ತಡೆಯುವುದು. 1985ರಲ್ಲಿ ಹೆಲ್ಸಿಂಕಿಯಲ್ಲಿ ಹಲವು ದೇಶಗಳು ಗಂಧಕದ ಹೊಗೆಯನ್ನು 1980ರ ಮಟ್ಟಕ್ಕಿಂತ ಶೇ. 30ರಷ್ಟು ಇಳಿಸಲು ಒಪ್ಪಿದವು. ಬ್ರಿಟನ್ ಸಹಿ ಹಾಕಲಿಲ್ಲ. ಮುಂದೆ ಅದೂ ದಾರಿಗೆ ಬಂತು. ಹೊಗೆ ಇಳಿಯಿತು, ಮಳೆ ಸರಿಹೋಯಿತು. ಕೆರೆ ಮಾತ್ರ ಅಷ್ಟು ಬೇಗ ಸರಿಹೋಗಲಿಲ್ಲ. ದಶಕಗಳ ಆಮ್ಲ ಮಣ್ಣಿನ ಕ್ಯಾಲ್ಸಿಯಮ್ಮನ್ನು ತೊಳೆದೊಯ್ದಿತ್ತು, ಗಂಧಕ ಮಣ್ಣಿನಲ್ಲೇ ಕೂತಿತ್ತು. ತಪ್ಪು ನಿಂತ ದಿನವೇ ತಪ್ಪಿನ ಫಲ ನಿಲ್ಲುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಆಮ್ಲ ಮಳೆ ಇಲ್ಲಿನ ರೋಗವಲ್ಲ. ಭಾರತದ ಬಹುಭಾಗದಲ್ಲಿ ಮಣ್ಣಿನ ಧೂಳಿನಲ್ಲಿರುವ ಸುಣ್ಣದ ಅಂಶವೇ ಮಳೆಯ ಹುಳಿಯನ್ನು ಸಾಕಷ್ಟು ಕಳೆಯುತ್ತದೆ. ನಮ್ಮ ರೋಗ ನೀರೇ ಇಲ್ಲದಿರುವುದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಗುಂಡ್ಲುಪೇಟೆ ಹಾಯ್ದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುವ ಗುಂಡ್ಲು ಹೊಳೆಗೆ ಪುರಾಣದಲ್ಲಿ ಕೌಂಡಿನ್ಯ ಎಂಬ ಹೆಸರಿದೆ. ಆ ಸಂಗಮ ಇಂದಿಗೂ ಪುಣ್ಯಸ್ಥಳ. ವರ್ಷದ ಹೆಚ್ಚು ದಿನ ಅಲ್ಲಿಗೆ ಬರಬೇಕಾದ ಒಂದು ಹೊಳೆ ಮಾತ್ರ ಬರುವುದಿಲ್ಲ. ಬೋರ್‌ವೆಲ್ಲುಗಳು ಆಳಕ್ಕಿಳಿದವು, ಕೆರೆಗೆ ನೀರು ತರುವ ಹಳ್ಳಗಳು ಹೂಳು, ಜಾಲಿ, ಒತ್ತುವರಿಗಳಲ್ಲಿ ಮುಚ್ಚಿದವು. ಆಮೇಲೆ ಬಂದದ್ದು ಆಲಂಬೂರಿನ ಏತ ಯೋಜನೆ. ಕಬಿನಿಯ ನೀರನ್ನು ಎತ್ತಿ ಪೈಪಿನಲ್ಲಿ ಹರಿಸಿ ಈ ಎರಡು ತಾಲೂಕುಗಳ ಕೆರೆಗಳಿಗೂ ಬಿಡುವ ಏರ್ಪಾಡು ಅದು. ಕಬಿನಿಯನ್ನು ಸೇರಬೇಕಾದ ಹೊಳೆಯ ಸೀಮೆಗೆ ಕಬಿನಿಯೇ ತಿರುಗಿ ಹತ್ತಿ ಬರುತ್ತದೆ.

ಇದು ನಮ್ಮ ಸುಣ್ಣ. ಇದನ್ನು ಹಗುರವಾಗಿ ಕಾಣುವುದು ನನ್ನಂಥವನಿಗೆ ಸುಲಭ, ಆದ್ದರಿಂದಲೇ ಎಚ್ಚರ ಬೇಕು. ಏರಿಯ ಮೇಲೆ ಸಿಕ್ಕ ಹಿರಿಯರೊಬ್ಬರು ಹೇಳಿದ್ದರು: “ನೀರು ಎಲ್ಲಿಂದ್ಲಾದ್ರೂ ಬರ್ಲಿ ಕನಪ್ಪ, ದನ ಕುಡಿದ್ರೆ ಸಾಕು.” ಸಣ್ಣ ಈರುಳ್ಳಿ, ಚೆಂಡುಹೂವು, ಅರಿಶಿನ ಬೆಳೆದು ಬದುಕುವವರಿಗೆ ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬೋರು ಮತ್ತೆ ನೀರು ಕೊಡುತ್ತದೆ. ಹೊಳೆ ತಾನಾಗಿ ಹರಿಯುವವರೆಗೆ ಕಾಯಿರಿ ಎಂದು ಅವರಿಗೆ ಹೇಳುವುದು ಕ್ರೌರ್ಯ. ಸುಣ್ಣ ಹಾಕದೇ ಇದ್ದಿದ್ದರೆ ಸ್ವೀಡನ್ನಿನಲ್ಲೂ ಗಾಳಿ ಸರಿಹೋಗುವ ಹೊತ್ತಿಗೆ ಉಳಿಸಿಕೊಳ್ಳಲು ಎಷ್ಟೋ ಕಡೆ ಮೀನೇ ಇರುತ್ತಿರಲಿಲ್ಲ.

ನನ್ನ ತಕರಾರು ಪಂಪಿನ ಮೇಲಲ್ಲ, ಪಂಪು ಓಡಿದ ದಿನವೇ ಲೆಕ್ಕ ಮುಗಿಯಿತೆಂದು ಬಾಗಿನ ಅರ್ಪಿಸಿ ಮನೆಗೆ ಹೋಗುವ ನಮ್ಮ ಸಮಾಧಾನದ ಮೇಲೆ. ಸುಣ್ಣ ಹಾಕಿದವರಿಗೆ ಅದು ತಾತ್ಕಾಲಿಕ ಎಂಬ ಅರಿವಿತ್ತು, ಏಕೆಂದರೆ ಹೊಗೆ ಬೇರೆಯವರದು. ಅವರು ಸುಣ್ಣ ಸುರಿಯುತ್ತಲೇ ಹೊಗೆಯವರೊಡನೆ ಜಗಳವಾಡಿದರು. ಗುಂಡ್ಲುವಿನ ವಿಷಯದಲ್ಲಿ ಜಗಳವಾಡಲು ನೆರೆಯ ದೇಶವಿಲ್ಲ. ಬೋರು ಕೊರೆಸಿದವರು, ಹಳ್ಳದ ಮೇಲೆ ಹೊಲ ಚಾಚಿದವರು, ನೀರಿಗಾಗಿ ಕಾದವರು ಬಹುಮಟ್ಟಿಗೆ ಒಂದೇ ಊರಿನವರು, ಎಷ್ಟೋ ಸಲ ಒಂದೇ ಮನೆಯವರು. ಎಲ್ಲರೂ ಸ್ವಲ್ಪ ಸ್ವಲ್ಪ ಮಾಡಿದ ತಪ್ಪು ಯಾರದ್ದೂ ಅಲ್ಲದ ತಪ್ಪಾಗಿಬಿಡುತ್ತದೆ. ಪಂಪಿನ ನೀರು ಆ ಮರೆವಿಗೆ ಅನುಕೂಲ. ಕೆರೆ ತಿಳಿಯಾಗಿ ಹೊಳೆಯುತ್ತಿರುವಾಗ ಅದು ಬತ್ತಿದ್ದೇಕೆ ಎಂದು ಕೇಳುವವರಾರು?

ಚೇತರಿಕೆಗೆ ನನಗೆ ತೋಚುವ ಒರೆಗಲ್ಲು ಸರಳವಾದದ್ದು. ನಾವು ಕೈ ತೆಗೆದರೆ ಅದು ನಿಲ್ಲುತ್ತದೆಯೇ? ಮಳೆ ಕೈಕೊಟ್ಟ ವರ್ಷ ಕಬಿನಿಗೂ ಬಾಯಾರುತ್ತದೆ, ಕೆಳಗೆ ಆ ನೀರನ್ನೇ ನೆಚ್ಚಿದವರೂ ಇದ್ದಾರೆ. ಆ ವರ್ಷ ನಮ್ಮ ಕೆರೆಗೆ ಉಳಿಯುವುದು ತನ್ನದೇ ಹಳ್ಳಗಳು, ಅವು ತೆರೆದಿದ್ದರೆ. ಹಾಗಾಗಿ ಪ್ರತಿ ಸಲ ಪೈಪಿನಲ್ಲಿ ನೀರು ಬಂದಾಗ ಅದನ್ನು ಬಹುಮಾನವೆಂದಲ್ಲ, ಸಾಲವೆಂದು ಬರೆದುಕೊಳ್ಳಬೇಕು. ಒಂದು ಹಳ್ಳದ ಹೂಳೆತ್ತುವುದು, ಒಂದು ಒತ್ತುವರಿ ಬಿಡುವುದು, ಒಂದು ಬೋರು ಕಡಿಮೆ ಕೊರೆಯುವುದು ಆ ಸಾಲದ ಕಂತುಗಳು. ಕಂತು ತೀರುವುದಕ್ಕೆ ಒಂದು ತಲೆಮಾರು ಬೇಕಾದೀತು. ‘ತುಂಬಿಸಿದರು’ ಎಂಬ ಮಾತು ಮತ್ತೆ ‘ತುಂಬಿತು’ ಎಂದಾಗುವುದಕ್ಕೆ ಅಷ್ಟು ಕಾಲ ದುಬಾರಿಯೇನಲ್ಲ.